ಹಳೆಯ ಕಂಪ್ಯೂಟರ್ ಫ್ಯಾನಿನಿಂದ ಮ್ಯಾಗ್ನೆಟಿಕ್ ಸ್ಟಿರರ್: ಕಟ್ಟುವ ಬಗೆ, ಕೈಕೊಟ್ಟಾಗ ಸರಿಪಡಿಸುವ ಬಗೆ

ಒಂದು ಪೆಟ್ಟಿಗೆ. ಒಳಗೆ ತಿರುಗುವ ಅಯಸ್ಕಾಂತ, ಮೇಲೆ ಗಾಜಿನ ಫ್ಲಾಸ್ಕ್, ಫ್ಲಾಸ್ಕಿನ ತಳದಲ್ಲಿ ಬಿಳಿ ಟೆಫ್ಲಾನ್ ಹೊದಿಕೆಯ ಚಿಕ್ಕ ಅಯಸ್ಕಾಂತದ ಕಡ್ಡಿ. ಪ್ರಯೋಗಾಲಯಗಳಲ್ಲಿ ಈ ಕಡ್ಡಿಯನ್ನು ಬೀಡ್ ಎನ್ನುತ್ತಾರೆ. ಕೆಳಗಿನ ಅಯಸ್ಕಾಂತ ತಿರುಗಿದರೆ ಬೀಡ್ ಕೂಡ ತಿರುಗುತ್ತದೆ, ದ್ರವ ಕಲಕುತ್ತದೆ. ಸೌಟು, ಕೈ, ಗಾಳಿಯ ಧೂಳು ಯಾವುದೂ ಒಳಗೆ ಹೋಗಬೇಕಾಗಿಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸುವವರಿಗೆ ಈ ಉಪಕರಣ ಇಷ್ಟು ಬೇಕಾಗಿರುವುದು ಆ ಕಾರಣಕ್ಕೇ. ಆರ್ಥರ್ ರೋಸಿಂಜರ್ ಎಂಬುವವರಿಗೆ ಅಮೆರಿಕದಲ್ಲಿ ಇದರ ಪೇಟೆಂಟ್ ಸಿಕ್ಕಿದ್ದು 1944ರಲ್ಲಿ. ಅಂದಿನಿಂದ ಇಂದಿನವರೆಗೆ ಮೂಲ ತತ್ವ ಬದಲಾಗಿಲ್ಲ.

ಕಂಪ್ಯೂಟರ್ ಫ್ಯಾನಿನಿಂದ ಇದನ್ನು ಮನೆಯಲ್ಲೇ ಕಟ್ಟುವ ಪದ್ಧತಿ ಜನಪ್ರಿಯವಾದದ್ದು ಹೊರದೇಶಗಳಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳಿಂದ. ಅಮೆರಿಕದಲ್ಲಿ 1978ರ ಕಾನೂನು ಆ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟಿತು. ಬಿಯರಿಗೆ ಹಾಕುವ ಮೊದಲು ಯೀಸ್ಟನ್ನು ಹೆಚ್ಚಿಸಿಕೊಳ್ಳಲು ಅವರಿಗೆ ಅಗ್ಗದ ಸ್ಟಿರರ್ ಬೇಕಿತ್ತು. ನಮ್ಮಲ್ಲಿ ಪರಿಸ್ಥಿತಿ ಬೇರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯ ಅಡುಗೆಮನೆಯಲ್ಲಿ, ನಮ್ಮ ಬಳಕೆಗೆ ಮಾತ್ರ ಎಂದರೂ ಬಿಡುವುದಿಲ್ಲ. ಆದ್ದರಿಂದ ಅವರ ಯಂತ್ರವನ್ನು ಪಡೆದುಕೊಳ್ಳೋಣ, ಬಿಯರನ್ನು ಅಲ್ಲಿಗೇ ಬಿಡೋಣ.

ಕಲಬುರಗಿಯಲ್ಲಿ ಈ ಯಂತ್ರಕ್ಕೆ ಕೆಲಸದ ಕೊರತೆ ಇಲ್ಲ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆ ಇದು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ತೊಗರಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಕ್ಕಾಗಿ ಬೆಳೆಸಿ ನೋಡುವ ಪದವಿ ವಿದ್ಯಾರ್ಥಿಗೆ, ಮಣ್ಣಿನ ಪಿಎಚ್ ಅಳೆಯುವ ಶಾಲಾ ವಿಜ್ಞಾನ ಶಿಕ್ಷಕಿಗೆ, ಯೀಸ್ಟ್ ಹೇಗೆ ಹೆಚ್ಚುತ್ತದೆ ಎಂದು ಮಕ್ಕಳಿಗೆ ತೋರಿಸಬೇಕಾದವರಿಗೆ, ಎಲ್ಲರಿಗೂ ಸ್ಟಿರರ್ ಬೇಕು. ಅಂಗಡಿಯ ಸ್ಟಿರರ್ ಕೊಳ್ಳಲು ಎಷ್ಟೋ ಶಾಲೆ–ಕಾಲೇಜುಗಳ ಬಳಿ ಹಣವಿಲ್ಲ. ಹಳೆಯ ಕಂಪ್ಯೂಟರುಗಳು ಮಾತ್ರ ಎಲ್ಲ ಕಡೆಯೂ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿವೆ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮನೆಯಲ್ಲಿ ಕಟ್ಟಿದ ಸ್ಟಿರರ್ ಸರಿಯಾಗಿ ಕೆಲಸ ಮಾಡುವುದು ಮೂರರ ಮೇಲೆ: ಅಯಸ್ಕಾಂತಗಳು ಫ್ಯಾನಿನ ನಡುವಿಗೆ ಕೂತಿವೆಯೇ, ಅಯಸ್ಕಾಂತಕ್ಕೂ ಬೀಡಿಗೂ ನಡುವೆ ಅಂತರ ಎಷ್ಟಿದೆ, ವೇಗವನ್ನು ನಿಧಾನವಾಗಿ ಏರಿಸುತ್ತೀರಾ. ಹೆಚ್ಚಿನವರು ಶಕ್ತಿಶಾಲಿ ಫ್ಯಾನ್, ದುಬಾರಿ ಸರ್ಕ್ಯೂಟ್ ಹುಡುಕುವುದರಲ್ಲಿ ಕಾಲ ಕಳೆದು ಈ ಮೂರನ್ನು ಬಿಟ್ಟುಬಿಡುತ್ತಾರೆ.

ಸಾಮಾನು ಹೊಂದಿಸುವುದು

ಫ್ಯಾನ್: 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, 80 ಮಿಲಿಮೀಟರಿನದು ಅಥವಾ 120 ಮಿಲಿಮೀಟರಿನದು. ಎರಡು ಲೀಟರ್ ಫ್ಲಾಸ್ಕ್ ಇಡುವುದಾದರೆ ಅಗಲವಾದ 120ರದ್ದೇ ಮೇಲು, ಪೆಟ್ಟಿಗೆ ಗಟ್ಟಿಯಾಗಿ ಕೂರುತ್ತದೆ. ಬಾಲ್ ಬೇರಿಂಗ್ ಎಂದು ಬರೆದಿರುವುದು ಸಿಕ್ಕರೆ ಬಿಡಬೇಡಿ. ಇಲ್ಲಿ ಫ್ಯಾನ್ ಮಲಗಿಕೊಂಡು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಓಡಬೇಕು. ಸಾದಾ ಸ್ಲೀವ್ ಬೇರಿಂಗ್ ಬೇಗ ಸವೆಯುತ್ತದೆ. ಗುಜರಿ ಅಂಗಡಿಯಲ್ಲಿ ಆರಿಸುವಾಗ ಬೆರಳಿನಿಂದ ತಿರುಗಿಸಿ ಬಿಟ್ಟು ನೋಡಿ. ಕರಕರ ಸದ್ದಿಲ್ಲದೆ ನಿಧಾನವಾಗಿ ನಿಂತರೆ ಒಳ್ಳೆಯದು, ತಟ್ಟನೆ ನಿಂತರೆ ಬೇಡ.

ಅಯಸ್ಕಾಂತ: ಹವ್ಯಾಸಿಗಳು ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ಅದರೊಳಗಿನ ಬಾಗಿದ ನಿಯೋಡಿಮಿಯಂ ಅಯಸ್ಕಾಂತ ತೆಗೆಯುತ್ತಾರೆ. ಅದರ ಒಂದೇ ಮುಖದಲ್ಲಿ ಅರ್ಧ ಉತ್ತರ ಧ್ರುವ, ಅರ್ಧ ದಕ್ಷಿಣ ಧ್ರುವ ಇರುವುದರಿಂದ ಒಂದೇ ತುಂಡು ಬೀಡನ್ನು ತಿರುಗಿಸಬಲ್ಲದು. ಪುಕ್ಕಟೆ ಸಿಗುತ್ತದೆ ಎಂಬುದು ನಿಜ. ಆದರೆ ಅದು ಅಂಟಿಕೊಂಡಿರುವ ಉಕ್ಕಿನ ತಗಡಿನ ಆಕಾರ ಎರಡೂ ಬದಿಗೆ ಸಮನಾಗಿರುವುದಿಲ್ಲ, ಸಮತೋಲ ತರುವುದು ಕಷ್ಟ. ನನ್ನ ಆಯ್ಕೆ ಬಿಲ್ಲೆಯಾಕಾರದ ಎರಡು ನಿಯೋಡಿಮಿಯಂ ಅಯಸ್ಕಾಂತಗಳು, ಸುಮಾರು 10ರಿಂದ 12 ಮಿಲಿಮೀಟರ್ ಅಗಲ, 3ರಿಂದ 5 ಮಿಲಿಮೀಟರ್ ದಪ್ಪ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ.

ಬೀಡ್: ಒಂದು ಲೀಟರ್ ಫ್ಲಾಸ್ಕಿಗೆ 25ರಿಂದ 30 ಮಿಲಿಮೀಟರ್, ಎರಡು ಲೀಟರಿಗೆ 40. ನಡುವಿಗೆ ಉಬ್ಬಿದ ಉಂಗುರವಿರುವ ಬೀಡ್ ಆ ಉಂಗುರದ ಮೇಲೆ ನಿಂತು ತಿರುಗುತ್ತದೆ, ತಿಕ್ಕಾಟ ಕಡಿಮೆ. ಬೀಡಿನ ಬದಲು ಕಬ್ಬಿಣದ ಮೊಳೆಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ ಬಳಸುವವರಿದ್ದಾರೆ. ಆಹಾರಕ್ಕೆ ಸಂಬಂಧಿಸಿದ ಯಾವುದಕ್ಕೂ ಅದು ಬೇಡವೇ ಬೇಡ.

ಪೆಟ್ಟಿಗೆ: ಪ್ಲಾಸ್ಟಿಕ್ ಡಬ್ಬಿಯಾಗಲಿ, ಗೋಡೆಗೆ ಹೊಡೆಯುವ ಪಿವಿಸಿ ಸ್ವಿಚ್ ಬೋರ್ಡ್ ಪೆಟ್ಟಿಗೆಯಾಗಲಿ, ಪ್ಲೈವುಡ್ಡಾಗಲಿ ನಡೆಯುತ್ತದೆ. ಮುಚ್ಚಳ ಮಾತ್ರ ಲೋಹದ್ದಾಗಬಾರದು. ಕಬ್ಬಿಣದ ತಗಡು ಅಯಸ್ಕಾಂತದ ಬಲವನ್ನು ತಾನೇ ನುಂಗಿಬಿಡುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟದಿದ್ದರೂ ತಿರುಗುವ ಅಯಸ್ಕಾಂತ ಅದರೊಳಗೆ ಸುಳಿವಿದ್ಯುತ್ ಹುಟ್ಟಿಸಿ ಫ್ಯಾನನ್ನು ಹಿಂದಕ್ಕೆ ಎಳೆಯುತ್ತದೆ, ತಗಡೂ ಬಿಸಿಯಾಗುತ್ತದೆ. 3 ಮಿಲಿಮೀಟರಿನ ಅಕ್ರಿಲಿಕ್ ಹಾಳೆ ಎಲ್ಲಕ್ಕಿಂತ ಒಳ್ಳೆಯದು. ಬೋರ್ಡು ಬರೆಯುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಕೊಡುತ್ತಾರೆ. ಒಳಗೆ ತಿರುಗುವುದು ಕಾಣುತ್ತದೆ ಎಂಬುದು ಅದರ ಇನ್ನೊಂದು ಲಾಭ. ಏನಾದರೂ ಕೈಕೊಟ್ಟಾಗ ಅರ್ಧ ಪತ್ತೆ ಕಣ್ಣಿನಿಂದಲೇ ಮುಗಿಯುತ್ತದೆ.

ವಿದ್ಯುತ್: ಹಳೆಯ ವೈಫೈ ರೂಟರಿನ ಅಥವಾ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಧಾರಾಳ. ಇಂಥ ಫ್ಯಾನುಗಳು ಎಳೆಯುವುದೇ ಸಾಮಾನ್ಯವಾಗಿ 0.1ರಿಂದ 0.3 ಆಂಪಿಯರ್.

ಇನ್ನುಳಿದವು: ಅಗಲ ಅಂಚಿನ ಉಕ್ಕಿನ ವಾಷರ್ ಒಂದು (ಫ್ಯಾನಿನ ನಡುಗುಂಬದಷ್ಟೇ ಅಗಲ), ಎರಡು ಟ್ಯೂಬಿನ ಎಪಾಕ್ಸಿ ಅಂಟು, ಎಲ್ಎಂ317 ಐಸಿ (ಫ್ಯಾನಿಗೆ ಹೋಗುವ ವೋಲ್ಟೇಜನ್ನು ಹೆಚ್ಚು–ಕಡಿಮೆ ಮಾಡುವ ಬಿಡಿಭಾಗ), 240 ಓಮ್ ಮತ್ತು 470 ಓಮ್ ರೆಸಿಸ್ಟರುಗಳು, 1 ಕಿಲೋಓಮ್ ಪೊಟೆನ್ಶಿಯೋಮೀಟರ್ (ಗುಂಡಿ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), 0.1 ಮತ್ತು 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳು, ಚಿಕ್ಕ ಹೀಟ್ ಸಿಂಕ್, ಸ್ವಿಚ್, ಉದ್ದ ಬೋಲ್ಟು–ನಟ್ಟು. ಬಿಡಿಭಾಗಗಳನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಟಿವಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಮೊದಲು ಕೇಳಿ ನೋಡಿ. ರಿಪೇರಿ ಮಾಡುವವರ ಹಳೆಯ ಬೋರ್ಡುಗಳ ರಾಶಿಯಲ್ಲಿ ಎಲ್ಎಂ317 ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಡುವನ್ನು ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದೇ. ಇಲ್ಲಿ ಅರ್ಧ ಗಂಟೆ ಹೆಚ್ಚು ಕಳೆದರೆ ಮುಂದೆ ವರ್ಷಗಟ್ಟಲೆ ಆರಾಮ.

ಫ್ಯಾನನ್ನು ಮೇಜಿನ ಮೇಲೆ ಮಲಗಿಸಿ. ಮೋಟಾರನ್ನು ಹಿಡಿದಿರುವ ಕಡ್ಡಿಗಳಿರುವ ಬದಿ ಕೆಳಗಿರಲಿ, ರೆಕ್ಕೆಗಳ ಜೊತೆ ತಿರುಗುವ ನಯವಾದ ಗುಂಬ ಮೇಲಿರಲಿ. ಗುಂಬದ ಮೇಲೆ ಕಾಗದ ಅಂಟಿಸಿದ್ದರೆ ಕಿತ್ತು, ಸ್ಪಿರಿಟ್ಟಿನಿಂದ ಒರೆಸಿ. ಈಗ ಫ್ಯಾನಿಗೆ 5 ವೋಲ್ಟ್ ಕೊಡಿ. ಮೊಬೈಲ್ ಚಾರ್ಜರಿನ ಹಳೆಯ ಕೇಬಲ್ ಕತ್ತರಿಸಿ ಕೊಟ್ಟರೂ ಸಾಕು, ನಿಧಾನವಾಗಿ ತಿರುಗುತ್ತದೆ. ತೆಳು ಮೊನೆಯ ಮಾರ್ಕರ್ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಮೇಜಿಗೆ ಊರಿ, ತಿರುಗುತ್ತಿರುವ ಗುಂಬದ ನಡುವೆ ಎಂದು ನಿಮಗೆ ಕಾಣುವಲ್ಲಿ ಮೆಲ್ಲನೆ ತಾಗಿಸಿ. ಒಂದು ವೃತ್ತ ಮೂಡುತ್ತದೆ. ಪೆನ್ನನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ತಾಗಿಸಿ. ವೃತ್ತ ಚಿಕ್ಕದಾದರೆ ಸರಿಯಾದ ಕಡೆಗೆ ಸರಿದಿದ್ದೀರಿ, ದೊಡ್ಡದಾದರೆ ತಪ್ಪು ಕಡೆಗೆ. ಹೀಗೆ ಮಾಡುತ್ತ ಹೋದರೆ ಒಂದು ಗಳಿಗೆಯಲ್ಲಿ ವೃತ್ತ ಮಾಯವಾಗಿ ಬರೀ ಚುಕ್ಕೆ ಉಳಿಯುತ್ತದೆ. ಅದೇ ನಿಜವಾದ ನಡು. ಸ್ಕೇಲು, ಕೈವಾರ ಹಿಡಿದು ಅಳೆದರೆ ಇಷ್ಟು ನಿಖರತೆ ಬರುವುದಿಲ್ಲ.

ವಾಷರಿನ ತೂತಿನೊಳಗೆ ಆ ಚುಕ್ಕೆ ಸರಿ ನಡುವಿಗೆ ಕಾಣುವಂತೆ ವಾಷರನ್ನು ಎಪಾಕ್ಸಿಯಿಂದ ಅಂಟಿಸಿ. ಫೆವಿಕ್ವಿಕ್ ಬೇಡ; ಅದು ತಕ್ಷಣ ಹಿಡಿದುಬಿಡುವುದರಿಂದ ಸರಿಸಲು ಅವಕಾಶವಿರುವುದಿಲ್ಲ, ಕಂಪನಕ್ಕೆ ಬಿರುಕೂ ಬಿಡುತ್ತದೆ. ಅಂಟು ಒಣಗುವ ಮೊದಲು ಒಮ್ಮೆ ಬೆರಳಿನಿಂದ ತಿರುಗಿಸಿ, ವಾಷರಿನ ಅಂಚು ಓಲಾಡುತ್ತಿದೆಯೇ ನೋಡಿ. ಆಮೇಲೆ ರಾತ್ರಿಯಿಡೀ ಮುಟ್ಟಬೇಡಿ.

ಉಕ್ಕಿನ ವಾಷರ್ ಮೂರು ಕೆಲಸ ಮಾಡುತ್ತದೆ. ಅಯಸ್ಕಾಂತಗಳು ಅಂಟಿಲ್ಲದೆಯೇ ಅದರ ಮೇಲೆ ಕೂರುವುದರಿಂದ ಬೇಕಾದಷ್ಟು ಸಲ ಸರಿಸಿ ನೋಡಬಹುದು. ಎರಡು ಅಯಸ್ಕಾಂತಗಳ ಕೆಳಮುಖವನ್ನು ಉಕ್ಕು ಒಂದುಗೂಡಿಸುವುದರಿಂದ ಮೇಲ್ಮುಖದ ಬಲ ಹೆಚ್ಚುತ್ತದೆ. ಜೊತೆಗೆ ಫ್ಯಾನಿನ ಮೋಟಾರಿನೊಳಗೆ ಇರುವ, ಅಯಸ್ಕಾಂತದ ಸ್ಥಾನವನ್ನು ಗುರುತಿಸುವ ಹಾಲ್ ಸಂವೇದಕಕ್ಕೆ (Hall sensor) ಈ ಅಯಸ್ಕಾಂತಗಳ ಪ್ರಭಾವ ತಟ್ಟದಂತೆ ಮರೆಯಾಗಿ ನಿಲ್ಲುತ್ತದೆ.

ಅಯಸ್ಕಾಂತ ಕೂರಿಸುವುದು

ಎರಡು ಬಿಲ್ಲೆಗಳಲ್ಲಿ ಒಂದರ ಉತ್ತರ ಧ್ರುವ ಮೇಲಕ್ಕೆ, ಇನ್ನೊಂದರ ದಕ್ಷಿಣ ಧ್ರುವ ಮೇಲಕ್ಕೆ ಇರಬೇಕು. ಗುರುತಿಸುವುದು ಸುಲಭ: ಎರಡನ್ನೂ ಒಂದರ ಮೇಲೊಂದು ಅಂಟಿಕೊಳ್ಳಲು ಬಿಡಿ, ಮೇಲಿನ ಬಿಲ್ಲೆಯ ಮೇಲ್ಮುಖಕ್ಕೆ ಒಂದು ಚುಕ್ಕೆ ಇಡಿ, ಕೆಳಗಿನ ಬಿಲ್ಲೆಯ ಕೆಳಮುಖಕ್ಕೆ ಇನ್ನೊಂದು. ಬೇರ್ಪಡಿಸಿ, ಎರಡು ಚುಕ್ಕೆಗಳೂ ಮೇಲೆ ಕಾಣುವಂತೆ ವಾಷರಿನ ಮೇಲೆ ಇಟ್ಟರೆ ಧ್ರುವಗಳು ತಾವಾಗಿ ವಿರುದ್ಧವಾಗಿರುತ್ತವೆ. ಎರಡೂ ಒಂದೇ ಧ್ರುವವಾದರೆ ಬೀಡ್ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುತ್ತದೆ.

ಎರಡರ ನಡುವಿನ ಅಂತರ ಬೀಡಿನ ಉದ್ದಕ್ಕೆ ಹತ್ತಿರವಿರಲಿ, ಅದಕ್ಕಿಂತ ತುಸು ಕಡಿಮೆಯಿದ್ದರೆ ಅಡ್ಡಿಯಿಲ್ಲ. 30 ಮಿಲಿಮೀಟರಿನ ಬೀಡಿಗೆ ಬಿಲ್ಲೆಗಳ ನಡುಬಿಂದುಗಳು 25 ಮಿಲಿಮೀಟರ್ ದೂರ ಇರಬಹುದು. ಚುಕ್ಕೆಯಿಂದ ಎರಡೂ ಸಮದೂರದಲ್ಲಿರಬೇಕೆಂಬುದೇ ಮುಖ್ಯ.

ಈಗ ಫ್ಯಾನ್ ಓಡಿಸಿ. ಪಕ್ಕದಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೀರಿಟ್ಟು, ಅದರ ಮೇಲ್ಮೈ ನೋಡಿ. ಅಲೆ ಎದ್ದರೆ ಸಮತೋಲ ತಪ್ಪಿದೆ. ಬಿಲ್ಲೆಯನ್ನು ಒಂದು ಮಿಲಿಮೀಟರ್ ಆಚೀಚೆ ಸರಿಸಿ ಮತ್ತೆ ನೋಡಿ. ಆದರೂ ನಡುಕ ಉಳಿದರೆ ಹಗುರವಾದ ಕಡೆ ಎಂಸೀಲಿನ ಜೋಳದ ಕಾಳಿನಷ್ಟು ತುಣುಕು ಅಂಟಿಸಿ. ನೀರು ನಿಶ್ಚಲವಾದ ಮೇಲೆ ಬಿಲ್ಲೆಗಳ ಸುತ್ತ ಎಪಾಕ್ಸಿ ಹರಿಸಿ ಗಟ್ಟಿ ಮಾಡಿ. ಅಂಟಿಲ್ಲದೆ ಬರೀ ಸೆಳೆತದ ಮೇಲೆ ಬಿಟ್ಟರೆ ವೇಗ ಏರಿದಾಗ ಬಿಲ್ಲೆ ಹಾರಿ ಹೋಗುತ್ತದೆ, ಪಕ್ಕದಲ್ಲಿ ಗಾಜಿದ್ದರೆ ಅಪಾಯ.

ನಿಯೋಡಿಮಿಯಂ ಅಯಸ್ಕಾಂತಗಳ ಬಗ್ಗೆ ಎಚ್ಚರಿಕೆ. ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಎರಡು ತುಂಡು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳನ್ನು ಹರಿಯಬಲ್ಲವು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇವನ್ನು ಹತ್ತಿರಕ್ಕೆ ತರಬಾರದು. ಇವುಗಳಿಗೆ ತೂತು ಕೊರೆಯಲು ಹೋಗಬೇಡಿ, ಪುಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ವೇಗ ನಿಯಂತ್ರಣ

12 ವೋಲ್ಟನ್ನು ನೇರ ಕೊಟ್ಟರೆ ಫ್ಯಾನ್ ನಿಮಿಷಕ್ಕೆ ಸಾವಿರದೈನೂರು ಸುತ್ತನ್ನೂ ಮೀರಿ ಓಡಬಹುದು. ಕಲಕುವುದಕ್ಕೆ ಬೇಕಿರುವುದು ಸುಮಾರು 300ರಿಂದ 800. ಫ್ಯಾನಿನ ಸಾಲಿನಲ್ಲಿ ಬರೀ ಪೊಟೆನ್ಶಿಯೋಮೀಟರ್ ಹಾಕಿ ವೇಗ ಇಳಿಸುವುದುಂಟು, ಆದರೆ ಆ ವಿದ್ಯುತ್ತನ್ನು ತಡೆಯಲಾರದೆ ಅದು ಸುಟ್ಟು ಹೋಗುತ್ತದೆ. ಎಲ್ಎಂ317 ಇದಕ್ಕೆಂದೇ ಇರುವ ಬಿಡಿಭಾಗ.

ಐಸಿಯ ಮೇಲೆ ಬರೆದಿರುವ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವಂತೆ ಹಿಡಿಯಿರಿ. ಎಡದಿಂದ ಬಲಕ್ಕೆ ಮೊದಲನೆಯದು ಅಡ್ಜಸ್ಟ್, ಎರಡನೆಯದು ಔಟ್‌ಪುಟ್, ಮೂರನೆಯದು ಇನ್‌ಪುಟ್. ಅಡಾಪ್ಟರಿನ ಧನ ತಂತಿ ಸ್ವಿಚ್ಚಿನ ಮೂಲಕ ಇನ್‌ಪುಟ್ಟಿಗೆ. ಔಟ್‌ಪುಟ್ಟಿನಿಂದ ಫ್ಯಾನಿನ ಧನ ತಂತಿಗೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ನಡುವೆ 240 ಓಮ್ ರೆಸಿಸ್ಟರ್. ಅಡ್ಜಸ್ಟಿನಿಂದ 470 ಓಮ್, ಅದರ ಮುಂದೆ 1 ಕಿಲೋಓಮ್ ಪೊಟೆನ್ಶಿಯೋಮೀಟರ್, ಅಲ್ಲಿಂದ ಋಣ ತಂತಿಗೆ. ಪೊಟೆನ್ಶಿಯೋಮೀಟರಿನ ನಡುಕಾಲನ್ನು ಒಂದು ಪಕ್ಕದ ಕಾಲಿಗೆ ಸೇರಿಸಿಬಿಡಿ. ಇನ್‌ಪುಟ್ಟಿನಿಂದ ಋಣಕ್ಕೆ 0.1, ಔಟ್‌ಪುಟ್ಟಿನಿಂದ ಋಣಕ್ಕೆ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಫ್ಯಾನಿನ ಕಪ್ಪು ತಂತಿ ನೇರ ಋಣಕ್ಕೆ.

ಲೆಕ್ಕ ಹೀಗಿದೆ: ಹೊರಬರುವ ವೋಲ್ಟೇಜ್ ಎಂದರೆ 1.25ನ್ನು, ಒಂದಕ್ಕೆ ಕೆಳಗಿನ ಒಟ್ಟು ಓಮ್ ಭಾಗಿಸು 240 ಕೂಡಿಸಿದ ಮೊತ್ತದಿಂದ ಗುಣಿಸಿದ್ದು. ಗುಂಡಿ ಪೂರ್ತಿ ಇಳಿಸಿದಾಗ ಕೆಳಗೆ 470 ಮಾತ್ರ, ಬರುವುದು 3.7 ವೋಲ್ಟ್. ಪೂರ್ತಿ ಏರಿಸಿದಾಗ 1470, ಬರುವುದು 8.9 ವೋಲ್ಟ್. ಕೆಲಸಕ್ಕೆ ಬೇಕಾದ ವ್ಯಾಪ್ತಿ ಇಷ್ಟೇ. ಗುಂಡಿಯ ಇಡೀ ಸುತ್ತು ಉಪಯೋಗಕ್ಕೆ ಬರುತ್ತದೆ, ಚೂರು ತಿರುಗಿಸಿದರೆ ಬೀಡ್ ಎಗರುವ ಕಾಟ ಇರುವುದಿಲ್ಲ. ಐಸಿಯ ಬೆನ್ನಿನ ಲೋಹದ ತಗಡು ಒಳಗಿನಿಂದ ಔಟ್‌ಪುಟ್ಟಿಗೆ ಸೇರಿಕೊಂಡಿರುತ್ತದೆ, ಆದ್ದರಿಂದ ಹೀಟ್ ಸಿಂಕ್ ಬೇರೆ ಯಾವ ತಂತಿಗೂ ತಾಗಬಾರದು.

ಮೂರು ತಂತಿಯ ಫ್ಯಾನಾದರೆ ಸಾಮಾನ್ಯವಾಗಿ ಕೆಂಪು ಧನ, ಕಪ್ಪು ಋಣ, ಹಳದಿ ವೇಗದ ಸಂಕೇತ. ನಾಲ್ಕು ತಂತಿಯದಾದರೆ ಬಣ್ಣಗಳು ಬದಲಾಗುತ್ತವೆ: ಹಳದಿ ಧನ, ಹಸಿರು ವೇಗದ ಸಂಕೇತ, ನೀಲಿ ನಿಯಂತ್ರಣದ್ದು. ಬಣ್ಣ ನಂಬಿ ಕೂಡಿಸುವ ಮೊದಲು ಫ್ಯಾನಿನ ಚೀಟಿ ಓದಿ. ವೇಗದ ಸಂಕೇತದ ತಂತಿ ಒಂದು ಸುತ್ತಿಗೆ ಎರಡು ಮಿಡಿತ ಕೊಡುತ್ತದೆ. ಅದನ್ನು 10 ಕಿಲೋಓಮ್ ಮೂಲಕ ಧನಕ್ಕೆ ಕಟ್ಟಿ, ಆವರ್ತನ ತೋರಿಸುವ ಮಲ್ಟಿಮೀಟರ್ ಹಿಡಿದರೆ 20 ಹರ್ಟ್ಜ್ ಎಂದರೆ ನಿಮಿಷಕ್ಕೆ 600 ಸುತ್ತು.

ಪೆಟ್ಟಿಗೆಗೆ ಹಾಕುವುದು

ಮುಚ್ಚಳದಿಂದ ಇಳಿಬಿಟ್ಟ ನಾಲ್ಕು ಬೋಲ್ಟುಗಳಿಗೆ ಫ್ಯಾನನ್ನು ತೂಗಿಸಿ, ಎರಡೂ ಬದಿ ನಟ್ಟು ಹಾಕಿ. ನಟ್ಟು ತಿರುಗಿಸಿ ಫ್ಯಾನನ್ನು ಏರಿಸಬಹುದು, ಇಳಿಸಬಹುದು. ಅಯಸ್ಕಾಂತ ಮುಚ್ಚಳದ ಒಳಮೈಗೆ ತಾಗದೆ 2ರಿಂದ 3 ಮಿಲಿಮೀಟರ್ ಕೆಳಗಿರಲಿ. ಮುಚ್ಚಳದ 3 ಮಿಲಿಮೀಟರ್, ಫ್ಲಾಸ್ಕಿನ ತಳದ ಗಾಜು 2ರಿಂದ 3 ಮಿಲಿಮೀಟರ್ ಸೇರಿಸಿದರೆ ಬೀಡಿಗೆ ಒಟ್ಟು 8 ಮಿಲಿಮೀಟರಿನ ಆಸುಪಾಸು. ಅಂತರ ಹೆಚ್ಚಿದಂತೆ ಹಿಡಿತ ಬಹಳ ಬೇಗ ಕುಸಿಯುತ್ತದೆ. ಎರಡು ಮಿಲಿಮೀಟರ್ ಕಡಿಮೆ ಮಾಡುವುದರಿಂದ ಆಗುವ ಪ್ರಯೋಜನ ದೊಡ್ಡ ಅಯಸ್ಕಾಂತ ತಂದರೂ ಆಗದು. ತೀರಾ ಹತ್ತಿರ ತಂದರೆ ಬೀಡ್ ತಳಕ್ಕೆ ಒತ್ತಿ ಹಿಡಿದು ಗಾಜನ್ನು ಉಜ್ಜುತ್ತದೆ, ಅದೂ ಬೇಡ.

ಪೆಟ್ಟಿಗೆಯ ಪಕ್ಕಗಳಿಗೆ ಗಾಳಿಯ ತೂತು ಹಾಕಿ. ಬೋಲ್ಟಿನ ತಲೆಯ ಸುತ್ತ ಸಿಲಿಕೋನ್ ಹಚ್ಚಿ, ನೊರೆ ಉಕ್ಕಿ ಚೆಲ್ಲಿದರೂ ಒಳಗೆ ಇಳಿಯದಿರಲಿ. ಕೆಳಗೆ ರಬ್ಬರ್ ಕಾಲು. ಅದರ ಕೆಳಗೆ ಶಹಾಬಾದಿ ಫರಸಿಯ ಒಂದಡಿ ತುಂಡು ಇಟ್ಟರೆ ನಡುಕ ಅಲ್ಲೇ ಸಾಯುತ್ತದೆ. ಮನೆ ಕಟ್ಟುವ ಜಾಗದಲ್ಲಿ ಕತ್ತರಿಸಿ ಬಿಸಾಡಿದ ಚೂರು ಎಲ್ಲ ಕಡೆ ಸಿಗುತ್ತದೆ; ಚಪ್ಪಟೆ, ಭಾರ, ತೊಳೆಯಲು ಸುಲಭ. ಇದಕ್ಕಿಂತ ಒಳ್ಳೆಯ ಪೀಠ ನಾನು ಕಂಡಿಲ್ಲ.

ಓಡಿಸುವ ಕ್ರಮ

ಮೊದಲು ಬರೀ ನೀರಿನಿಂದ ಪರೀಕ್ಷಿಸಿ. ಗುಂಡಿ ಪೂರ್ತಿ ಇಳಿಸಿ. ಫ್ಲಾಸ್ಕನ್ನು ಓರೆ ಮಾಡಿ ಬೀಡನ್ನು ಅದರ ಒಳಗೋಡೆಯ ಮೇಲೆ ಜಾರಿಸಿ ಬಿಡಿ. ಮೇಲಿನಿಂದ ಹಾಕಿದರೆ ತಳ ಬಿರುಕು ಬಿಡುತ್ತದೆ. ಫ್ಲಾಸ್ಕನ್ನು ಮುಚ್ಚಳದ ನಡುವಿಗೆ ಸರಿಸುತ್ತ ಬಂದಾಗ ಬೀಡ್ ಕಟ್ ಎಂದು ತನ್ನ ಜಾಗ ಹಿಡಿಯುತ್ತದೆ. ಈಗ ಸ್ವಿಚ್ ಹಾಕಿ. ಹತ್ತು ಸೆಕೆಂಡು ಬಿಟ್ಟು ಚೂರು ಏರಿಸಿ, ಮತ್ತೆ ಬಿಡಿ. ಬೀಡಿನ ಸುತ್ತ ದ್ರವವೂ ವೇಗ ಪಡೆದುಕೊಂಡ ಮೇಲೆ ಅದಕ್ಕೆ ತಡೆ ಕಡಿಮೆಯಾಗುತ್ತದೆ, ಮುಂದಿನ ಹೆಜ್ಜೆ ಸಲೀಸು. ಸದ್ದಿಲ್ಲದ ಜಾಗ ಸಿಕ್ಕಾಗ ಫ್ಲಾಸ್ಕಿನ ಸುತ್ತ ಮುಚ್ಚಳದ ಮೇಲೆ ಗೆರೆ ಎಳೆದುಬಿಡಿ. ಪ್ರತಿ ಸಲ ಆ ಗೆರೆಯೊಳಗೆ ಇಟ್ಟರಾಯಿತು.

ತಳದವರೆಗೆ ಸುಳಿ ಬೀಳಬೇಕು ಎಂದು ಹಟ ಹಿಡಿಯಬೇಡಿ. ನೋಡಲು ಚೆಂದವೇ ಹೌದು, ಅಗತ್ಯವಿಲ್ಲ. ಮೇಲ್ಮೈಯಲ್ಲಿ ಸಣ್ಣ ಕುಳಿ ಕಾಣುತ್ತಿದ್ದರೆ ಕಣಗಳು ತಳಕ್ಕೆ ಕೂರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಗಾಳಿಯ ಆಮ್ಲಜನಕ ಒಳಬರುತ್ತದೆ. ಯೀಸ್ಟ್ ಹೆಚ್ಚುವುದಕ್ಕೆ ಬೇಕಿರುವುದು ಇವೇ. ಬಾಯಿಗೆ ಬಿಗಿ ಮುಚ್ಚಳ ಹಾಕಬಾರದು, ಸಡಿಲವಾಗಿ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಸಾಕು.

ಬಿಯರ್ ಹವ್ಯಾಸಿಗಳ ಯೀಸ್ಟ್ ದ್ರಾವಣದ ಲೆಕ್ಕ ಒಂದು ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಸಾರ. ಹತ್ತು–ಹದಿನೈದು ನಿಮಿಷ ಕುದಿಸಿ, 20ರಿಂದ 25 ಡಿಗ್ರಿಗೆ ಆರಿಸಿ ಯೀಸ್ಟ್ ಹಾಕಿ, ಒಂದೆರಡು ದಿನ ಕಲಕಲು ಬಿಡುತ್ತಾರೆ. ತೊಗರಿಯ ಗಂಟಿನ ಬ್ಯಾಕ್ಟೀರಿಯಾಕ್ಕೆ ಯೀಸ್ಟ್ ಸಾರ–ಮ್ಯಾನಿಟಾಲ್ ದ್ರಾವಣ: ಲೀಟರಿಗೆ ಮ್ಯಾನಿಟಾಲ್ 10 ಗ್ರಾಂ, ಯೀಸ್ಟ್ ಸಾರ ಅರ್ಧದಿಂದ ಒಂದು ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 0.5, ಮೆಗ್ನೀಷಿಯಂ ಸಲ್ಫೇಟ್ 0.2, ಉಪ್ಪು 0.1 ಗ್ರಾಂ, ಪಿಎಚ್ 7ರ ಸಮೀಪ. 121 ಡಿಗ್ರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷ ಬೇಯಿಸಿ ಕ್ರಿಮಿ ನಾಶ ಮಾಡಬೇಕು. ಬೀಡನ್ನು ಒಳಗೇ ಹಾಕಿ ಬೇಯಿಸಿ. ಟೆಫ್ಲಾನ್ ಆ ಬಿಸಿಯನ್ನು ಧಾರಾಳವಾಗಿ ತಡೆಯುತ್ತದೆ. ತೊಗರಿಯ ಗಂಟು ಕಟ್ಟುವ ಬ್ರಾಡಿರೈಜೋಬಿಯಂ ನಿಧಾನವಾಗಿ ಬೆಳೆಯುವಂಥದ್ದು, 28ರಿಂದ 30 ಡಿಗ್ರಿಯಲ್ಲಿ ಐದಾರು ದಿನ ಹಿಡಿಯುತ್ತದೆ. ಅಷ್ಟು ದಿನ ಎಡೆಬಿಡದೆ ಓಡುವುದೇ ನಿಮ್ಮ ಸ್ಟಿರರಿಗೆ ನಿಜವಾದ ಪರೀಕ್ಷೆ. ಹೊಲದ ಬೀಜೋಪಚಾರಕ್ಕೆ ಮಾತ್ರ ಕೃಷಿ ವಿಶ್ವವಿದ್ಯಾಲಯದವರು ಪರೀಕ್ಷಿಸಿ ಕೊಡುವ ಜೈವಿಕ ಗೊಬ್ಬರವನ್ನೇ ಬಳಸಿ. ಮನೆಯಲ್ಲಿ ಬೆಳೆಸಿದ್ದರಲ್ಲಿ ಬೇರೆ ಜೀವಿ ಸೇರಿದೆಯೇ ಎಂದು ಕಣ್ಣಿನಿಂದ ಹೇಳಲಾಗದು, ರೈತನ ಒಂದು ಹಂಗಾಮು ಅದರ ಮೇಲೆ ನಿಂತಿರುತ್ತದೆ.

ಕೈಕೊಟ್ಟಾಗ

ಬೀಡ್ ಎಗರಿ ಮೂಲೆಗೆ ಹೋಗಿ ತಟತಟ ಬಡಿದುಕೊಳ್ಳುವುದು ಎಲ್ಲರಿಗೂ ಎದುರಾಗುವ ತೊಂದರೆ. ಕಾರಣ ಹುಡುಕಲು ಒಂದು ಕ್ರಮವಿದೆ. ಫ್ಲಾಸ್ಕ್ ಪಕ್ಕಕ್ಕಿಡಿ, ಬೀಡನ್ನು ನೇರ ಮುಚ್ಚಳದ ಮೇಲಿಟ್ಟು ನಿಧಾನವಾಗಿ ಓಡಿಸಿ. ಅಲ್ಲಿ ಸರಿಯಾಗಿ ತಿರುಗಿದರೆ ತಪ್ಪು ಫ್ಲಾಸ್ಕಿನದು ಅಥವಾ ಅಂತರದ್ದು. ಉಪ್ಪಿನಕಾಯಿ ಬಾಟಲಿ, ಜ್ಯೂಸ್ ಬಾಟಲಿಗಳ ತಳ ಒಳಗೆ ಉಬ್ಬಿರುತ್ತದೆ; ಬೀಡ್ ಆ ದಿಬ್ಬದಿಂದ ಜಾರುತ್ತದೆ, ಅಂತರವೂ ಹೆಚ್ಚುತ್ತದೆ. ಚಪ್ಪಟೆ ತಳದ ಬೋರೋಸಿಲಿಕೇಟ್ ಶಂಕುವಿನಾಕಾರದ ಫ್ಲಾಸ್ಕನ್ನೇ ಬಳಸಿ. ಮುಚ್ಚಳದ ಮೇಲೂ ಎಗರಿದರೆ ತಪ್ಪು ಅಯಸ್ಕಾಂತದ್ದು: ಧ್ರುವ ತಿರುಗುಮುರುಗಾಗಿದೆ, ಅಥವಾ ನಡು ತಪ್ಪಿದೆ, ಅಥವಾ ಎರಡರ ಅಂತರ ಬೀಡಿಗೆ ಹೊಂದುತ್ತಿಲ್ಲ. ತಿರುಗುತ್ತಲೇ ಒಂದು ಬದಿಗೆ ವಾಲಿ ನಡೆಯುತ್ತಿದ್ದರೆ ಅದು ನಡು ತಪ್ಪಿದ್ದರ ಗುರುತು, ಅನುಮಾನವೇ ಬೇಡ.

ಹಳೆಯ ಬೀಡ್ ಶಕ್ತಿ ಕಳೆದುಕೊಂಡಿರಲೂಬಹುದು. ಅದರ ತುದಿಗೆ ಗುಂಡುಸೂಜಿಗಳನ್ನು ಹಿಡಿದು ನೋಡಿ. ಒಂದನ್ನೂ ಎತ್ತದಿದ್ದರೆ ಎರಡು ನಿಯೋಡಿಮಿಯಂ ಬಿಲ್ಲೆಗಳ ನಡುವೆ, ಧ್ರುವಗಳು ಸೆಳೆಯುವ ದಿಕ್ಕಿನಲ್ಲೇ ಇಟ್ಟು ರಾತ್ರಿ ಬಿಡಿ. ಹಲವು ಬೀಡುಗಳು ಚೇತರಿಸಿಕೊಳ್ಳುತ್ತವೆ.

ಫ್ಯಾನ್ ಹೊರಡುವುದೇ ಇಲ್ಲ, ಬೆರಳಿನಿಂದ ತಳ್ಳಿದರೆ ಓಡುತ್ತದೆ ಎಂದಾದರೆ ಅದಕ್ಕೆ 3.7 ವೋಲ್ಟ್ ಸಾಲದು. 470ರ ಜಾಗಕ್ಕೆ 680 ಓಮ್ ಹಾಕಿದರೆ ಕೆಳಮಿತಿ 4.8 ವೋಲ್ಟಿಗೆ ಏರುತ್ತದೆ. ಅಯಸ್ಕಾಂತ ಕೂರಿಸುವ ಮೊದಲು ಚೆನ್ನಾಗಿದ್ದು, ಕೂರಿಸಿದ ಮೇಲೆ ಜರ್ಕು ಹೊಡೆಯುತ್ತಿದ್ದರೆ ಹಾಲ್ ಸಂವೇದಕಕ್ಕೆ ಪ್ರಭಾವ ತಟ್ಟುತ್ತಿದೆ. ವಾಷರಿನ ಕೆಳಗೆ 3–4 ಮಿಲಿಮೀಟರಿನ ಪ್ಲಾಸ್ಟಿಕ್ ಬಿಲ್ಲೆ ಸೇರಿಸಿ ಎತ್ತರಿಸಿ, ಅಥವಾ ವಾಷರಿನ ಮೇಲೆ ಇನ್ನೊಂದು ವಾಷರ್ ಹಾಕಿ. ಆಮೇಲೆ ಬೋಲ್ಟಿನ ನಟ್ಟು ಇಳಿಸಿ ಅಂತರ ಸರಿಪಡಿಸಿಕೊಳ್ಳಬೇಕಾಗುತ್ತದೆ.

ಸ್ವಲ್ಪ ಹೊತ್ತು ಓಡಿ, ನಿಂತು, ಮತ್ತೆ ತಾನಾಗಿ ಓಡುತ್ತಿದ್ದರೆ ಎಲ್ಎಂ317 ಬಿಸಿಯಾಗಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿದೆ. ದೊಡ್ಡ ಹೀಟ್ ಸಿಂಕ್ ಹಾಕಿ, ಫ್ಯಾನಿನ ಗಾಳಿ ಅದಕ್ಕೆ ಬೀಸುವಂತೆ ಕೂರಿಸಿ. ಗುಂಡಿ ಏರಿಸಿದರೆ ವೇಗ ಇಳಿಯುತ್ತಿದ್ದರೆ ಪೊಟೆನ್ಶಿಯೋಮೀಟರಿನ ಪಕ್ಕದ ಕಾಲು ಬದಲಿಸಿ. ಕೀರಲು ಸದ್ದಿಗೆ ಫ್ಯಾನಿನ ಕೆಳಬದಿಯ ಚೀಟಿ ಎತ್ತಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ.

ನಮ್ಮ ಕಡೆಯ ಎರಡು ತೊಂದರೆಗಳನ್ನು ಬೇರೆಯಾಗಿಯೇ ಹೇಳಬೇಕು. ಮೊದಲನೆಯದು ಕರೆಂಟ್. ಹೋಗಿ ಬಂದಾಗ ಫ್ಯಾನ್ ಒಮ್ಮೆಗೇ ಹಳೆಯ ವೇಗಕ್ಕೆ ಏರುತ್ತದೆ, ನಿಂತ ದ್ರವದಲ್ಲಿ ಬೀಡ್ ಅದನ್ನು ಹಿಂಬಾಲಿಸಲಾರದೆ ಎಗರುತ್ತದೆ. ನೀವು ಬೆಳಗ್ಗೆ ಎದ್ದು ನೋಡುವಾಗ ಎಲ್ಲ ತಳಕ್ಕೆ ಕೂತಿರುತ್ತದೆ. ವೈಫೈ ರೂಟರಿಗೆಂದು ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಟಿರರ್ ಎಳೆಯುವ ವಿದ್ಯುತ್ ಕಡಿಮೆ, ಆದ್ದರಿಂದ ಅದು ಗಂಟೆಗಟ್ಟಲೆ ಬರುತ್ತದೆ. ಅದಿಲ್ಲದಿದ್ದರೆ ರಾತ್ರಿಯ ವೇಗವನ್ನು, ನಿಂತ ನೀರಿನಲ್ಲಿ ನೇರ ಸ್ವಿಚ್ ಹಾಕಿದರೂ ಬೀಡ್ ಹಿಡಿದುಕೊಳ್ಳುವಷ್ಟಕ್ಕೆ ಇಳಿಸಿ ಮಲಗಿ.

ಎರಡನೆಯದು ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ತಾಪ 40 ಡಿಗ್ರಿ ದಾಟುವಾಗ ಕೋಣೆಯೇ ಯೀಸ್ಟಿಗೆ ಹೆಚ್ಚಾಗುತ್ತದೆ, ಅದರ ಮೇಲೆ ಪೆಟ್ಟಿಗೆಯೊಳಗಿನ ಬಿಸಿ ಬೇರೆ. ಒಣ ಹವೆ ಇಲ್ಲಿ ನೆರವಿಗೆ ಬರುತ್ತದೆ: ಫ್ಲಾಸ್ಕಿನ ಮೇಲರ್ಧಕ್ಕೆ ಹಿಂಡಿದ ಒದ್ದೆ ಹತ್ತಿ ಬಟ್ಟೆ ಸುತ್ತಿದರೆ ಆವಿಯಾಗುವ ನೀರು ಕೆಲವು ಡಿಗ್ರಿ ಇಳಿಸುತ್ತದೆ. ಬಟ್ಟೆಯ ತುದಿ ಪೆಟ್ಟಿಗೆಯ ಮೇಲೆ ಜೋತುಬೀಳದಿರಲಿ, ನೀರು ತೊಟ್ಟಿಕ್ಕಬಾರದು. ಫ್ಲಾಸ್ಕಿಗೆ ಥರ್ಮಾಮೀಟರ್ ಪಟ್ಟಿ ಅಂಟಿಸಿಕೊಂಡರೆ ಊಹೆಯ ಮೇಲೆ ನಡೆಯಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಫ್ಲಾಸ್ಕಿನ ಹೊರಗೆ ಒಂದು ಅಯಸ್ಕಾಂತ ಹಿಡಿದು ಬೀಡನ್ನು ಗೋಡೆಗುಂಟ ಬಾಯಿಯವರೆಗೆ ತನ್ನಿ, ದ್ರವ ಸುರಿಯುವಾಗ ಅದು ಮೋರಿಗೆ ಹೋಗದಂತೆ ಹಿಡಿದುಕೊಳ್ಳಿ. ನಮ್ಮ ಗಡಸು ನೀರಿನಿಂದ ಗಾಜಿಗೆ ಕೂರುವ ಬಿಳಿ ಪದರಕ್ಕೆ ವಿನೆಗರ್ ಸಾಕು. ಮಣ್ಣು ಕಲಕುವುದಕ್ಕೆ ಬೇರೆ ಬೀಡ್ ಇಟ್ಟುಕೊಳ್ಳಿ, ಮರಳು ಟೆಫ್ಲಾನನ್ನು ಗೀರುತ್ತದೆ. ಗೀರಿನಲ್ಲಿ ಕೊಳೆ ಕೂತರೆ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆಸಲು ಆ ಬೀಡ್ ಮತ್ತೆ ಬರುವುದಿಲ್ಲ. ಹೊದಿಕೆ ಒಡೆದು ಒಳಗಿನ ಲೋಹ ಕಂಡರೆ ಅದನ್ನು ಎಸೆದು ಹೊಸದು ತನ್ನಿ.